ಬೀಳೋ ಟೈಮಲ್ಲಿ ಅಲ್ಲ, ಮುಂಚೆ ಕೇಳಿ ಸ್ವಾಮಿ

ಎಲ್ರಿಗೂ ಕರ್ತನ ನಾಮದಲ್ಲಿ ವಂದನೆ. ಇವತ್ತು ಬೇರೆ ಟಾಪಿಕ್ ಇತ್ತು, ಸ್ಕ್ರಿಪ್ಟೂ ರೆಡಿ ಇತ್ತು, ಪಕ್ಕಕ್ಕಿಟ್ಟೆ. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಬ್ರದರ್, ಪ್ರಾರ್ಥನೆ ಮಾಡಿದ್ರೂ ಶೋಧನೇಲಿ ಬಿದ್ದೆ, ದೇವರು ಏನೂ ಮಾಡ್ಲಿಲ್ಲ" ಅಂತ. ಶೋಧನೆ ಅಂದ್ರೆ ಪಾಪಕ್ಕೆ ಎಳೆಯೋ ಸೆಳೆತ. ಅದಕ್ಕೆ 40 ಲೈಕ್ ಬೇರೆ! ನನ್ ವಿಡಿಯೋಗೇ ಅಷ್ಟು ಬರಲ್ಲ ಮಾರಾಯ್ರೆ.

ಪ್ರಾರ್ಥನೆ ಮಾಡಿದ್ದು ಯಾವಾಗ ಅಂತ ಕೇಳ್ದೆ. "ನೋಡಬಾರದ ವೆಬ್‌ಸೈಟ್ ಓಪನ್ ಮಾಡಿದ್ಮೇಲೆ" ಅಂದ್ರು. ಓಪನ್ ಮಾಡಿದ್ಮೇಲೆ! ಬಾವಿಗೆ ಕಾಲಿಟ್ಟು ಆಮೇಲೆ ಹಗ್ಗ ಹುಡುಕೋದಾ? ಮುಂಚೆ ಕೇಳ್ಬೇಕು ಸ್ವಾಮಿ, ಮುಂಚೆ.

ಯೇಸು ಸ್ವಾಮಿನ ಹಿಡ್ಕೊಂಡ್ ಹೋದ ರಾತ್ರಿ, ಗೆತ್ಸೇಮನೆ ತೋಟ ನೋಡಿ. ಶೋಧನೆಗೆ ಒಳಗಾಗದ ಹಾಗೆ ಎಚ್ಚರವಾಗಿದ್ದು ಪ್ರಾರ್ಥಿಸಿ ಅಂತ ಯೇಸು ಸ್ವಾಮಿ ಹೇಳಿದ್ದು ಯಾವಾಗ? ಶಿಷ್ಯ ಪೇತ್ರ ಇನ್ನೂ ಬಿದ್ದಿರ್ಲಿಲ್ಲ, ಬೆಂಕಿ ಹತ್ರ ಕೂತಿರ್ಲಿಲ್ಲ, ದಾಸಿ ಬಂದು ನೀನೂ ಅವನ ಜೊತೆ ಇದ್ದೋನಲ್ವಾ ಅಂತ ಕೇಳಿರ್ಲಿಲ್ಲ. ಆಗ ಪೇತ್ರ ಏನ್ ಮಾಡ್ದ? ನಿದ್ದೆ. ನಿಮ್ಮನ್ನ ಬಿಟ್ಟುಕೊಡಲ್ಲ ಅಂತ ಡೈಲಾಗ್ ಹೊಡ್ದೋನು ಕೋಳಿ ಕೂಗೋದ್ರೊಳಗೆ ಮೂರು ಸಲ ಗೊತ್ತೇ ಇಲ್ಲ ಅಂದ. ಪ್ರೀತಿ ಇರ್ಲಿಲ್ಲ ಅಂತಲ್ಲ, ತನ್ ಮೇಲೆ ತನಗೆ ಭರವಸೆ ಜಾಸ್ತಿ ಆಗಿತ್ತು.

ಇನ್ನೊಂದು, ಬೈಬಲ್‌ನ 1 ಕೊರಿಂಥ 10:13. ತಪ್ಪಿಸಿಕೊಳ್ಳೋ ದಾರಿಯನ್ನೂ ದೇವರು ಸಿದ್ಧ ಮಾಡ್ತಾನೆ, ಎಲ್ರಿಗೂ ಬಾಯಿಪಾಠ, ಸ್ಟೇಟಸ್‌ಗೂ ಅದೇ. ಅದರ ಹಿಂದಿನ ವಚನ? ನಿಂತಿದ್ದೀನಿ ಅಂದ್ಕೊಳ್ಳೋನು ಬೀಳದ ಹಾಗೆ ನೋಡ್ಕೊಳ್ಳಲಿ. ಮುಂದಿನದು? ವಿಗ್ರಹಾರಾಧನೆ ಬಿಟ್ಟು ಓಡಿಹೋಗಿ. ಮಧ್ಯದ್ದು ಮಾತ್ರ ಫ್ರೇಮ್ ಹಾಕಿಸ್ತೀರಿ, ದಾರಿ ಇದ್ರೂ ನಡೆಯೋಕೆ ಸೋಮಾರಿತನ.

"ಓಡೋದು ಹೇಡಿತನ ಅಲ್ವಾ ಬ್ರದರ್?" ಹೌದೌದು, ನೀವು ವೀರರು. ಯೋಸೇಫ, ಯಜಮಾನ ಪೋಟೀಫರನ ಹೆಂಡ್ತಿ ಪಾಪಕ್ಕೆ ಕರೆದು ಹಿಡ್ಕೊಂಡಾಗ, ಅವಳ ಕೈಯಲ್ಲಿ ಬಟ್ಟೆ ಬಿಟ್ಟು ಓಡ್ದ, ನೀವಾಗಿದ್ರೆ ಕೂತ್ಕೊಂಡು ಕೌನ್ಸೆಲಿಂಗ್ ಮಾಡ್ತಿದ್ರಿ.

"ಫೋನ್ ದೂರ ಇಟ್ರೆ ಅದು ನನ್ ಕಂಟ್ರೋಲ್, ದೇವರಿಗೇನು ಕೆಲ್ಸ?" ಅಂತ ಇನ್ನೊಬ್ರು. ಅಯ್ಯೋ, ಕಂಟ್ರೋಲ್ ಇರೋನು ಯಾಕೆ ದೂರ ಇಡ್ತಾನೆ? ಸ್ವಾಮಿ ನನ್ ಕೈಲಾಗಲ್ಲ ಅಂತ ಒಪ್ಕೊಂಡೋನೇ ಇಡೋದು. ನನ್ನದೇ ಹೇಳ್ತೀನಿ. ರಾತ್ರಿ ಹನ್ನೊಂದೂವರೆ, ಲೈಟ್ ಆಫ್, ದಿಂಬಿನ ಕೆಳಗೆ ಫೋನು, ಒಂದೇ ಒಂದು ನೋಟಿಫಿಕೇಶನ್ ನೋಡ್ತೀನಿ ಅಂತ ಹೆಬ್ಬೆರಳು ಹೋಗುತ್ತೆ, ಆ ಹೆಬ್ಬೆರಳಿಗೆ ರಕ್ಷಣೆ ಆಗಿಲ್ಲ ಇನ್ನೂ! ಈಗ ಒಂಬತ್ತಕ್ಕೇ ಪ್ರಾರ್ಥನೆ ಮಾಡಿ ಫೋನ್ ಆಚೆ ರೂಮಲ್ಲಿ ಇಡ್ತೀನಿ. ಒಂಬತ್ತಕ್ಕೆ ನನಗೆ ಯಾವ ಶೋಧನೇನೂ ಇಲ್ಲ, ಅದಕ್ಕೇ ಒಂಬತ್ತಕ್ಕೆ.

ಅಂದ ಹಾಗೆ ಬೆಲ್ ಐಕಾನ್ ಒತ್ತಿ. ಆದ್ರೆ ರಾತ್ರಿ ಒಂಬತ್ತರ ಮೇಲೆ ನನ್ ನೋಟಿಫಿಕೇಶನ್ ಬಂದ್ರೂ ನೋಡ್ಬೇಡಿ, ಬೆಳಿಗ್ಗೆ ನೋಡಿ, ಲೈಕ್ ಮರೀಬೇಡಿ.

ಲೂಕ 4:13 ಓದಿ. ಅಡವೀಲಿ 40 ದಿನ ಯೇಸು ಸ್ವಾಮಿನ ಶೋಧಿಸಿದ್ಮೇಲೆ ಸೈತಾನ ಹೋದ, ಹೇಗೆ? ತಕ್ಕ ಸಮಯ ಬರೋವರೆಗೂ ಅಂತ. ಅವನು ಟೈಮ್ ನೋಡ್ಕೊಂಡು ಬರ್ತಾನೆ, ನೀವು ಟೈಮ್ ಮೀರಿದ್ಮೇಲೆ ಪ್ರಾರ್ಥನೆ ಶುರು ಮಾಡ್ತೀರಿ. ಮುಂಚೆ ಕೇಳಿ! ಹಸಿವಾಗೋಕೆ ಮುಂಚೆ, ಜಗಳಕ್ಕೆ ಮುಂಚೆ, ಒಬ್ರೇ ಆಗೋಕೆ ಮುಂಚೆ. ಮುಂಚೆ ಅಂದ್ರೆ ಮುಂಚೆ, ಅದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ.

ಕೆಳಗೆ ಯಾರೋ ಕೇಳೇ ಕೇಳ್ತೀರಿ, ಫೋನ್ ಆಚೆ ಇಟ್ರೆ ಅಲಾರಾಂ ಹೆಂಗೆ ಅಂತ. ಗಡಿಯಾರ ಅಂತ ಒಂದಿದೆ ಸಾರ್.