ಕೇಕಿನ ಮೇಲೆ ಕನ್ನಡ ಕೂರಬೇಕಾದ್ರೆ

ನಮಸ್ಕಾರ. ಸಾಹಿತ್ಯದ ಥೀಮ್ ಮದುವೆ ಅಂದ್ರೆ ಸಾಕು, ರಿಸೆಪ್ಷನ್ನಿಗೆ ಒಂದು ತೆರೆದ ಪುಸ್ತಕದ ಕೇಕ್, ಅದರ ಮೇಲೆ ಓರೆ ಇಂಗ್ಲಿಷಿನಲ್ಲಿ ಎರಡು ಹೆಸರು, ಪಕ್ಕದಲ್ಲೊಂದು ಪ್ಲಾಸ್ಟಿಕ್ ನವಿಲುಗರಿ. ಆ ಪುಸ್ತಕದ ಆಕಾರ ಬಿಟ್ಟುಬಿಡಿ, ಅದರ ದುಡ್ಡು ಅಕ್ಷರಕ್ಕೆ ಹಾಕಿ ಅಂತೀನಿ ನಾನು.

ಪುಸ್ತಕದ ಆಕಾರಕ್ಕೆ ಸ್ಪಂಜ್ ಕೇಕನ್ನ ಕೆತ್ತಬೇಕು. ಕೆತ್ತಿದ ಕಡೆಯೆಲ್ಲ ಪುಡಿ ಉದುರುತ್ತೆ, ಮೇಲೆ ಫಾಂಡೆಂಟ್, ಅಂದ್ರೆ ಲಟ್ಟಿಸಿ ಹೊದಿಸೋ ಸಕ್ಕರೆ ಕಣಕ, ಎಳೆದ್ರೆ ಮೂಲೆ ಬಿರಿಯುತ್ತೆ. ನಮ್ಮ ಕಡೆ ಕೇಳೋದು ಎಗ್‌ಲೆಸ್, ಅದಕ್ಕೆ ಹಿಡಿತ ಇನ್ನೂ ಕಮ್ಮಿ. ಅಂದಹಾಗೆ, ಫಾಂಡೆಂಟ್ ಡಬ್ಬಿ ಮೇಲೆ ಹಸಿರು ಚುಕ್ಕೆ ಇದೆಯಾ ನೋಡ್ಕೊಳ್ಳಿ. ಕೆಲವದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋ ಜೆಲಟಿನ್ ಇರುತ್ತೆ.

ದುಂಡಗಿನ ಮೂರು ಅಂತಸ್ತು ಸಾಕು: 10, 8, 6 ಇಂಚು. ಕೆಳಗಿನ ಎರಡು ಥರ್ಮಾಕೋಲ್, ಮೇಲಿನದೊಂದೇ ನಿಜವಾದ ಕೇಕ್. ಹಂಚೋ ಕೇಕ್ ಅಡುಗೆಮನೆಯ ಟ್ರೇನಲ್ಲಿರಲಿ. 300 ಜನಕ್ಕೆ ತಲಾ 50 ಗ್ರಾಂ ಅಂದ್ರೆ 15 ಕೆಜಿ. ಥರ್ಮಾಕೋಲ್ ಹಗುರ, ಮೇಲೆ ಭಾರ ಕೂತರೆ ಪಲ್ಟಿ ಹೊಡೆಯುತ್ತೆ. ಅಡಿಯ ಪ್ಲೈವುಡ್ಡಿಗೆ ತಿರುಪು ಹಾಕಿ ಕೂರಿಸಿದ ಮರದ ಕಡ್ಡಿ ಆ ಎರಡೂ ಅಂತಸ್ತಿನ ನಟ್ಟನಡುವೆ ತೂರಿ ಹಾಯಲೇಬೇಕು.

ಈಗ ಅಕ್ಷರ. ಬರೆಯೋದು ನಡುವಿನ ಅಂತಸ್ತಿನ ಮೇಲೆ. ಎದುರಿಂದ ನೆಟ್ಟಗೆ ಕಾಣೋದು ಸುಮಾರು 20 ಸೆಂ.ಮೀ., ಎತ್ತರ 10. ಅಕ್ಷರ 2 ಸೆಂ.ಮೀ. ಇದ್ದರೆ ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಸೇರಿ ಸಾಲಿಗೆ ನಾಲ್ಕೂವರೆ ಬೇಕು. ಅಂದ್ರೆ ಎರಡೇ ಸಾಲು, ಸಾಲಿಗೆ ಹತ್ತು ಅಕ್ಷರ. ಇಡೀ ಪದ್ಯ ತುರುಕಬೇಡಿ. ಕೈಯಲ್ಲಿ ಬರೆಯೋದಾದ್ರೆ ಒಣಗಿ ಗಟ್ಟಿಯಾಗೋ ಸಕ್ಕರೆಯ ರಾಯಲ್ ಐಸಿಂಗ್, ಅದನ್ನ ಹಿಂಡೋಕೆ 2ನೇ ನಂಬರ್ ನಾಜಲ್ (ಚೀಲದ ತುದಿಯ ಮೂತಿ). ಇದರಲ್ಲಿ ಮೊಟ್ಟೆಯ ಬಿಳಿ ಇರುತ್ತೆ, ಆದ್ರೆ ಥರ್ಮಾಕೋಲ್ ಯಾರೂ ತಿನ್ನಲ್ವಲ್ಲ. ಐಸಿಂಗ್ ಗಟ್ಟಿಯಾದ್ರೆ ತಿರುವಿನಲ್ಲಿ ತುಂಡಾಗುತ್ತೆ. ನೀರಾದ್ರೆ ‘ಧ’ದ ಸೀಳು ಮುಚ್ಚಿಕೊಂಡು ‘ಧಾರೆ’ ಹೋಗಿ ‘ದಾರೆ’ ಆಗುತ್ತೆ.

ತಿನ್ನೋ ಹಾಳೆ ಮೇಲೆ ಪ್ರಿಂಟ್ ಹಾಕಿಸೋರಿಗೆ ಬೇರೆ ಪೀಕಲಾಟ. ಬೇಕರಿಯ ಕಂಪ್ಯೂಟರಿನಲ್ಲಿ ಫಾಂಟ್ ಸರಿಯಿಲ್ಲದಿದ್ರೆ ‘ಪ್ರೀತಿ’ ಒಡೆದು ‘ಪ್‌ರೀತಿ’ ಆಗಿ ಬರುತ್ತೆ. ಟೈಪ್ ಮಾಡಿದ ಫೈಲ್ ಕೊಡಲೇಬೇಡಿ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಚಿತ್ರವಾಗಿ ಕಳಿಸಿ. ಹಾಳೆ ಕೈಗೆ ಬಂದಮೇಲೆ ಕನ್ನಡ ಬಲ್ಲವರೊಬ್ಬರು ಜೋರಾಗಿ ಓದಿ ನೋಡಲಿ.

ಮಂಡ್ಯ, ಮೈಸೂರಿನ ಮದುವೆಗೆ ಕವಿತೆ ಅಂದ್ರೆ ಮೊದಲು ನೆನಪಾಗೋದು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, 1942ರ ‘ಮೈಸೂರ ಮಲ್ಲಿಗೆ’. ಹಾಗಂತ ಕೇಕಿಗೆ ಹಸಿ ಮಲ್ಲಿಗೆ ಚುಚ್ಚಬೇಡಿ. ದೇವರಾಜ ಮಾರುಕಟ್ಟೆಯಲ್ಲಿ ಸಿಗೋದು ಮುಡಿಯೋಕೆ ಬೆಳೆದ ಹೂವು, ಔಷಧಿ ಹೊಡೆದಿರಬಹುದು. ಬೆಣ್ಣೆ ತಗುಲಿದ ಎಸಳು ಕಂದಿಯೂ ಹೋಗುತ್ತೆ. ಕಟ್ಟಿದ ಮಾಲೆಯನ್ನ ಕೇಕಿನ ಅಡಿಯ ಪ್ಲೈವುಡ್ ಬೋರ್ಡಿನ ಹೊರಗೆ, ಮೇಜಿನ ಮೇಲೆ ಸುತ್ತಿ. 12 ಇಂಚಿನ ಬೋರ್ಡಿಗೆ ಎರಡು ಮೊಳ ಸಾಲದು, ಮೂರು ತರಿಸಿ. ಕಣಗಿಲೆ ಮಾತ್ರ ಆ ಮೇಜಿನ ಹತ್ತಿರಕ್ಕೂ ಬೇಡ, ಅದು ವಿಷ.

ಏಪ್ರಿಲ್, ಮೇ ಮದುವೆಗೆ, ಏಸಿ ಇಲ್ಲದ ಛತ್ರಕ್ಕೆ, ಬಟರ್‌ಕ್ರೀಮ್ ನಂಬಬೇಡಿ. ಮೂರು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಹಾಕಿದ ಗನಾಶ್ ತಡೆಯುತ್ತೆ. ಫಾಂಡೆಂಟ್ ಹೊದಿಸಿದ ಕೇಕನ್ನ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಿದ್ರೆ ಬೆವರುತ್ತೆ. ಡಬ್ಬದಲ್ಲೇ ಇಟ್ಟು ತಣುಪು ಇಳಿಯೋಕೆ ಬಿಡಿ. ಹ್ಯಾಲೊಜನ್ ಫೋಕಸ್ ಲೈಟು ದೂರ ಇರಲಿ.

ಇನ್ನೊಂದು, ಚಾಕು ಮೇಲಿನ ಅಂತಸ್ತಿಗೆ ಮಾತ್ರ ಅಂತ ಗಂಡು ಹೆಣ್ಣಿಗೆ ಮೊದಲೇ ಹೇಳಿಡಿ. ಫೋಟೋದವನು ಹೇಳ್ದ ಅಂತ ಕೆಳಗಿನ ಅಂತಸ್ತಿಗೆ ಹಾಕಿದ್ರೆ, ಥರ್ಮಾಕೋಲ್ ಕಿರ್ ಅನ್ನೋ ಸದ್ದು ಮೈಕಿನಲ್ಲಿ ಇಡೀ ಛತ್ರಕ್ಕೆ ಕೇಳುತ್ತೆ.