ಬೆಳಿಗ್ಗೆ ಕುತುಬ್, ಸಂಜೆ ರೈಸಿನಾ

ಕೇಳುಗರಿಗೆಲ್ಲ ನಮಸ್ಕಾರ.

ದೆಹಲಿ ನೋಡೋಕೆ ಒಂದೇ ದಿನ ಇದೆ ಅನ್ನುವವರು ಸುಮ್ನೆ ಗೈಡ್ ಇರುವ ಟೂರ್ ಹಿಡಿಯುವುದು ಒಳ್ಳೆಯದು. ಆದರೆ ದುಡ್ಡು ಕೊಡುವ ಮುಂಚೆ, ಯಾವ ಜಾಗ ಮೊದಲು, ಯಾವುದು ಆಮೇಲೆ ಅಂತ ಕೇಳಿ. ದಕ್ಷಿಣದ ಕುತುಬ್ ಮಿನಾರ್‌ನಿಂದ ಹೊರಟು, ಹುಮಾಯೂನ್ ಸಮಾಧಿ, ಕೆಂಪು ಕೋಟೆ ಮುಗಿಸಿ, ಸಂಜೆಗೆ ರಾಷ್ಟ್ರಪತಿ ಭವನದ ಕಡೆ ಬಂದರೆ ಇತಿಹಾಸವೂ ಅದೇ ಸಾಲಿನಲ್ಲಿ ಸಿಗುತ್ತದೆ. ಹಿಂದುಮುಂದಾದರೆ ಎಲ್ಲ ಕಲಸುಮೇಲೋಗರ. ಸೋಮವಾರ ಮಾತ್ರ ಬೇಡ, ಅವತ್ತು ಕೆಂಪು ಕೋಟೆಗೆ ರಜೆ.

ಕುತುಬ್ ಮಿನಾರ್‌ಗೆ 379 ಮೆಟ್ಟಿಲು. 1981ರಲ್ಲಿ ಒಳಗೆ ದೀಪ ಆರಿ, ನೂಕುನುಗ್ಗಲಿನಲ್ಲಿ ಶಾಲಾ ಮಕ್ಕಳು ಸತ್ತರು. ಅಂದಿನಿಂದ ಯಾರನ್ನೂ ಹತ್ತಲು ಬಿಡುವುದಿಲ್ಲ. ಕತ್ತೆತ್ತಿ ನೋಡಿದ್ದು ಸಾಕು, ಪಕ್ಕದ ಹಳೆ ಮಸೀದಿಯ ಕಂಬಗಳ ಹತ್ತಿರ ಹೋಗಿ. ಎತ್ತರ ಸಾಲದೆ ಒಂದರ ಮೇಲೊಂದು ಕಂಬ ನಿಲ್ಲಿಸಿದ್ದಾರೆ. ಅವುಗಳ ಮೇಲೆ ಸರಪಳಿಯಲ್ಲಿ ತೂಗುವ ಗಂಟೆಗಳ ಕೆತ್ತನೆ. 27 ದೇವಸ್ಥಾನಗಳ ಸಾಮಗ್ರಿ ಬಳಸಿದ್ದೇವೆ ಅಂತ ಮಸೀದಿಯ ಶಾಸನವೇ ಹೇಳುತ್ತದೆ. ಅಂಗಳದಲ್ಲಿರುವ ಕಬ್ಬಿಣದ ಕಂಬಕ್ಕೆ ಸುಮಾರು 1600 ವರ್ಷ. ಕಬ್ಬಿಣದಲ್ಲಿ ರಂಜಕ ಜಾಸ್ತಿ ಇರುವುದರಿಂದ ಮೇಲೊಂದು ತೆಳು ಪದರ ಕಟ್ಟಿ ತುಕ್ಕನ್ನು ತಡೆದಿದೆ. ಕಂಬಕ್ಕೆ ಬೆನ್ನು ಕೊಟ್ಟು ಹಿಂದಿನಿಂದ ಕೈ ಕೂಡಿಸುವ ಆಟ ಈಗ ಇಲ್ಲ, ಸುತ್ತ ಬೇಲಿ ಇದೆ.

ಟೂರ್‌ನಲ್ಲಿ ಅಂಗಡಿಗೆ ಇಳಿಸುತ್ತಾರಾ ಅಂತಲೂ ಕೇಳಿಕೊಳ್ಳಿ. ಸೀರೆ, ಶಾಲು ತೋರಿಸುತ್ತಾ ಒಂದು ಗಂಟೆ ಕಳೆದರೆ ಕತ್ತರಿ ಬೀಳುವುದು ಹುಮಾಯೂನ್ ಸಮಾಧಿಗೆ. ಅದಂತೂ ಆಗಬಾರದು.

ಒಳ್ಳೆಯ ಗೈಡ್ ಯಾರು ಅಂತ ಗೊತ್ತಾಗುವುದೇ ಅಲ್ಲಿ. ಸಾಧಾರಣ ಗೈಡ್ ಗುಮ್ಮಟದ ಎತ್ತರ ಹೇಳಿ, ಬನ್ನಿ ಬನ್ನಿ ಅಂತ ಹೊರಡಿಸುತ್ತಾನೆ. ಬಲ್ಲವನು 1857ಕ್ಕೆ ಕರೆದೊಯ್ಯುತ್ತಾನೆ. ದೆಹಲಿ ಬ್ರಿಟಿಷರ ಕೈಗೆ ಬಿದ್ದಾಗ ಕೊನೆಯ ಮೊಘಲ್ ಬಾದಶಹ ಬಹಾದೂರ್ ಶಾ ಜಫರ್ ಬಂದು ಅಡಗಿದ್ದು ತನ್ನ ಪೂರ್ವಿಕನ ಇದೇ ಸಮಾಧಿಯಲ್ಲಿ. ಸೆರೆ ಸಿಕ್ಕಿದ್ದೂ ಇಲ್ಲೇ. ಮರುವರ್ಷ ಅವನ ವಿಚಾರಣೆ ನಡೆದದ್ದು ಕೆಂಪು ಕೋಟೆಯ ದಿವಾನ್-ಇ-ಖಾಸ್‌ನಲ್ಲಿ. ಷಹಜಹಾನ್ ಮಯೂರ ಸಿಂಹಾಸನದ ಮೇಲೆ ಕೂತಿದ್ದ ಸಭಾಂಗಣ ಅದು! ಅಲ್ಲಿಂದ ಮುದುಕನನ್ನು ರಂಗೂನಿಗೆ ಗಡೀಪಾರು ಮಾಡಿದರು. ಇಷ್ಟು ಕೇಳಿಕೊಂಡು ಬಸ್ಸು ಹತ್ತಿದವರಿಗೆ ಕೋಟೆ ಬರೀ ಕೆಂಪು ಗೋಡೆಯಾಗಿ ಕಾಣುವುದಿಲ್ಲ, ಅಲ್ವಾ?

1911ರಲ್ಲಿ ಬ್ರಿಟಿಷರು ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿದರು. ಹೊಸ ದೆಹಲಿ ಉದ್ಘಾಟನೆಯಾದದ್ದು 1931ರಲ್ಲಿ. ಸಂಜೆ ಇಂಡಿಯಾ ಗೇಟ್ ಕಡೆಯಿಂದ ರಾಷ್ಟ್ರಪತಿ ಭವನದತ್ತ ನಡೆಯಿರಿ. ದೂರದಿಂದ ಪೂರಾ ಕಾಣುವ ಕಟ್ಟಡ, ವಿಜಯ್ ಚೌಕ್ ಹತ್ತಿರವಾದಂತೆ ರೈಸಿನಾ ಗುಡ್ಡದ ಏರಿನ ಹಿಂದೆ ಇಳಿಯುತ್ತಾ ಹೋಗುತ್ತದೆ. ಭವನದ ವಾಸ್ತುಶಿಲ್ಪಿ ಲಟ್ಯೆನ್ಸ್‌ಗೆ ಇದು ನುಂಗಲಾರದ ತುತ್ತಾಗಿತ್ತು. ಎರಡು ಪಕ್ಕದ ಸಚಿವಾಲಯ ಕಟ್ಟಿದ ಬೇಕರ್ ಜತೆ ಜಗಳವೇ ಆಯಿತು. ಏರನ್ನು ಕಡಿಸಲು ಲಟ್ಯೆನ್ಸ್ ವರ್ಷಗಟ್ಟಲೆ ಒದ್ದಾಡಿದ. ಸರ್ಕಾರ ಒಪ್ಪಲಿಲ್ಲ, ಏರು ಹಾಗೇ ಉಳಿಯಿತು.

ನಮಸ್ಕಾರ.