ಪಟ್ಟಿ ಕೇಳುವ ಬಾಗಿಲಲ್ಲಿ ಇನ್ನೊಂದು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಶ್ರಾವಣ ಮುಗಿಯುತ್ತ ಬಂತು ಅಂದರೆ ಸಾಕು, ಬೆಳಗಾವಿಯ ಗಲ್ಲಿಗಳಲ್ಲಿ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ಗಣಪತಿ ಪಟ್ಟಿ, ಅಂದರೆ ಹಬ್ಬದ ಚಂದಾ. ಕೆಲವರು ಸಾವಿರ ಕೊಡುತ್ತಾರೆ, ಕೆಲವರು ನೂರು. ಕೊಡುವುದು ಎಷ್ಟೇ ಇರಲಿ, ಗಲ್ಲಿಯ ಗಣಪತಿ ಕೂರಿಸುವ ಮಂಡಳದವರು ಯಾವ ಬಾಗಿಲನ್ನೂ ಬಿಡುವುದಿಲ್ಲ. ಈ ಪದ್ಧತಿ ನನಗೆ ತುಂಬ ಇಷ್ಟ. ಈಗಿನ ಕಾಲದಲ್ಲಿ ಎದುರುಮನೆಯವರ ಮುಖ ನೋಡದೆ ತಿಂಗಳು ಕಳೆಯುತ್ತದೆ. ಅಂಥದ್ದರಲ್ಲಿ ಗಲ್ಲಿಯ ಎಲ್ಲ ಬಾಗಿಲುಗಳನ್ನೂ ಯಾರಾದರೂ ತಟ್ಟುತ್ತಾರೆ ಅಂದರೆ ಅದು ಹಬ್ಬದ ಹೊತ್ತಿನಲ್ಲಿ ಮಾತ್ರ.

ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ಆ ಬಾಗಿಲಲ್ಲಿ ನಿಂತಾಗ ದುಡ್ಡಿನ ಜೊತೆ ಇನ್ನೊಂದನ್ನೂ ಕೇಳಬೇಕು. ಮನೆಯಲ್ಲಿ ಯಾರಿಗಾದರೂ ಆರಾಮ ಇಲ್ಲವಾ? ಬಾಣಂತಿ, ಹಸುಗೂಸು ಇವೆಯಾ? ಪರೀಕ್ಷೆಗೆ ಓದುವವರು ಇದ್ದಾರಾ? ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಇದ್ದಾರಾ? ಪೆಂಡಾಲ್ ಎಲ್ಲಿ ಹಾಕಬೇಕು, ಸ್ಪೀಕರ್ ಯಾವ ಕಡೆ ಮುಖ ಮಾಡಬೇಕು, ಎಷ್ಟು ಹೊತ್ತಿಗೆ ಬಂದ್ ಮಾಡಬೇಕು ಅನ್ನುವುದನ್ನು ಆ ಉತ್ತರ ನೋಡಿ ನಿರ್ಧರಿಸಬೇಕು.

ಹಬ್ಬ ಬೇಡ ಅನ್ನುವವಳಲ್ಲ ನಾನು. ಗಲ್ಲಿಯ ಭಜನಾ ಮಂಡಳದಲ್ಲಿ ಹಾಡುವವಳು. ತಾಳ, ಪೇಟಿ, ತಬಲಾ ಕೂಡಿದಾಗ ಆಗುವ ಸಂತೋಷ ನನಗೆ ಗೊತ್ತು. ದೇವರನ್ನು ಮನೆಯೊಳಗೇ ಇಟ್ಟುಕೊಂಡು ಸುಮ್ನೆ ಕೂರಬೇಕು ಅಂತ ನಾನು ಹೇಳುವುದಿಲ್ಲ. ಲೋಕಮಾನ್ಯ ತಿಲಕರು 1893ರಲ್ಲಿ ಪುಣೆಯಲ್ಲಿ ಗಣಪತಿಯನ್ನು ಬೀದಿಗೆ ತಂದು ಕೂರಿಸಿದ್ದೇ ಜನ ಒಂದಾಗಲಿ ಎಂದು. ಆ ಗಾಳಿ ನಮ್ಮ ಬೆಳಗಾವಿಗೂ ಬೀಸಿತು. ನೂರು ವರ್ಷ ದಾಟಿದ ಉತ್ಸವ ನಮ್ಮದು. ಆದರೆ ಜನ ಒಂದಾಗಲಿ ಅಂತ ತಂದ ದೇವರ ಪಕ್ಕದ ಮನೆಯಲ್ಲೇ ಒಬ್ಬರು ಕಿವಿ ಮುಚ್ಚಿಕೊಂಡು ಅಳುತ್ತಿದ್ದರೆ?

ಇದು ಸುಮ್ನೆ ಕೇಳಿದ ಪ್ರಶ್ನೆಯಲ್ಲ. ಒಂದು ವರ್ಷ ಪೆಂಡಾಲಿಗೆ ಹತ್ತಿಕೊಂಡೇ ಇದ್ದ ಮನೆಗೆ ಅರಿಶಿನ ಕುಂಕುಮಕ್ಕೆ ಕರೆಯಲು ಹೋಗಿದ್ದೆ. ಒಳಗಿನ ಖೋಲಿಯಲ್ಲಿ ಆ ಮನೆಯ ಹಿರಿಯರು ಮಲಗಿದ್ದರು. ಆಪರೇಷನ್ ಆಗಿ ಕೆಲವೇ ದಿನ ಆಗಿತ್ತು. ಹಾಡಿನ ಗುದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಸೊಸೆ ಅವರ ಕಿವಿಗೆ ಹತ್ತಿ ಇಟ್ಟಿದ್ದಳು. "ಮಂಡಳದವರಿಗೆ ಹೇಳಬಾರದಾಗಿತ್ತೇನವಾ?" ಎಂದು ಕೇಳಿದೆ. ಆಕೆ ದನಿ ತಗ್ಗಿಸಿ, "ಹೆಂಗ ಹೇಳೋದ್ರೀ ಅಕ್ಕಾರ? ದೇವರ ಕೆಲಸಕ್ಕ ಅಡ್ಡ ಬಂದ್ರು ಅಂತಾರ. ನಾಳೆ ನಮ್ಮ ಹುಡುಗ್ರು ಇದ ಗಲ್ಲ್ಯಾಗ ಓಡಾಡಬೇಕಲ್ರೀ" ಅಂದಳು.

ನಾನು ಹೊರಗೆ ಬಂದು ಹುಡುಗರಿಗೆ ವಿಷಯ ಹೇಳಿದೆ. ಅವರ ಮುಖ ನೋಡಬೇಕಿತ್ತು. "ನಮಗ ಗೊತ್ತ ಇರಲಿಲ್ಲರೀ ಅಕ್ಕಾರ" ಅಂದವರೇ ಸ್ಪೀಕರ್ ಎತ್ತಿ ರಸ್ತೆಯ ಕಡೆ ತಿರುಗಿಸಿದರು, ದನಿ ಇಳಿಸಿದರು. ಸಂಜೆ ಇಬ್ಬರು ಹೋಗಿ ಹಿರಿಯರಿಗೆ ಪ್ರಸಾದ ಕೊಟ್ಟು, ಕಾಲು ಮುಟ್ಟಿ ಬಂದರು. ಆ ಹುಡುಗರಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅಷ್ಟೇ.

ಇಲ್ಲಿ ಒಂದು ವಿಷಯವನ್ನು ನಾವು ಸರಿಯಾಗಿ ನೋಡಬೇಕು. ತೊಂದರೆ ಆದವರು ಬಂದು ಹೇಳಲಿ, ಆಮೇಲೆ ನೋಡೋಣ ಅಂದರೆ ನಡೆಯುವುದಿಲ್ಲ. ಅವರು ಹೇಳುವುದಿಲ್ಲ. ಮದುವೆ ಮನೆಯ ಗದ್ದಲವಾದರೆ ಜಗಳ ತೆಗೆದಾದರೂ ಹೇಳುತ್ತಾರೆ. ದೇವರ ಹೆಸರು ಬಂದ ಕೂಡಲೇ ಬಾಯಿ ಕಟ್ಟುತ್ತದೆ. ಬೇರೆ ಧರ್ಮದವರ ಮನೆಯಾದರಂತೂ ಇನ್ನೂ ಕಷ್ಟ. ಒಂದು ಮಾತು ಆಡಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅನ್ನುವ ಹೆದರಿಕೆ. ಹಾಗಾಗಿ ಕೇಳುವ ಹೊಣೆ ಹಬ್ಬ ಮಾಡುವವರದ್ದೇ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತಲ್ಲ.

ಈಗ ಸದ್ದಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಜಾಸ್ತಿ ನೋವು ಆಗುತ್ತಿರುವುದು ಅಲ್ಲೇ. ನಮ್ಮ ಕಡೆ ಹಬ್ಬದಲ್ಲಿ ಸದ್ದು ಹಿಂದೆಯೂ ಇತ್ತು. ಹಲಗಿ, ಡೊಳ್ಳು, ಸಂಬಾಳ, ಕರಡಿ ಮಜಲು, ಢೋಲ್ ತಾಶಾ, ಲೇಝಿಮ್. ಇವು ಮನೆ ಮುಂದೆ ಬಂದರೆ ಮುದುಕಿಯರೂ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ಯಾಕೆ? ಬಾರಿಸುವವನು ಮನುಷ್ಯ. ಅವನ ಕೈ ಸೋಲುತ್ತದೆ. ನಡುವೆ ನೀರು ಕುಡಿಯುತ್ತಾನೆ. ಮುಂದಿನ ಮನೆಗೆ ಹೋಗುತ್ತಾನೆ. ಬಾಗಿಲಲ್ಲಿ ನಿಂತವರ ಮುಖ ಅವನಿಗೆ ಕಾಣುತ್ತದೆ. ಓಣಿಯಲ್ಲಿ ಸಾವಾಗಿದ್ದರೆ ಆ ಮನೆ ಮುಂದೆ ಬಾಜಾ ನಿಲ್ಲಿಸಿ, ತಲೆ ತಗ್ಗಿಸಿ ದಾಟುವುದು ನಮ್ಮ ಹಳ್ಳಿಗಳಲ್ಲಿ ಯಾರೂ ಕಲಿಸದೆ ಬಂದ ರೂಢಿ. ಯಂತ್ರಕ್ಕೆ ಇದು ಯಾವುದೂ ಇಲ್ಲ. ನಾವು ಡಾಲ್ಬಿ ಅನ್ನುತ್ತೇವಲ್ಲ, ಆ ಪೆಟ್ಟಿಗೆಗಳ ಗೋಡೆ, ಅದಕ್ಕೆ ದಣಿವಿಲ್ಲ, ಅದಕ್ಕೆ ಯಾರ ಮುಖವೂ ಕಾಣುವುದಿಲ್ಲ.

ಸ್ವಲ್ಪ ಲೆಕ್ಕವನ್ನೂ ಹೇಳಬೇಕು. ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಇದು ಕಿಲೋ, ಮೀಟರ್ ಇದ್ದ ಹಾಗಲ್ಲ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟಾಗುತ್ತದೆ, 20 ಏರಿದರೆ 100 ಪಟ್ಟು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕಿದರೆ ಆ ಜಾಗದ ಅಂಚಿನಲ್ಲಿ ಆ ಮಿತಿಗಿಂತ 10 ಮಾತ್ರ ಜಾಸ್ತಿ ಇರಬಹುದು. ಅಂದರೆ ಮನೆಗಳ ನಡುವೆ ಹಗಲಲ್ಲಿ 65. ಡಾಲ್ಬಿ ಪೆಟ್ಟಿಗೆಗಳ ಎದುರಿನ ಸದ್ದು ಸಲೀಸಾಗಿ 100 ದಾಟುತ್ತದೆ. ಕಾರ್ಖಾನೆಯ ಕೆಲಸಗಾರರ ಕಿವಿ ಉಳಿಸಲು ತಜ್ಞರು ಹಾಕಿರುವ ಲೆಕ್ಕ ಹೀಗಿದೆ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 100ಕ್ಕೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ನಮ್ಮ ಅನಂತ ಚತುರ್ದಶಿಯ ಮೆರವಣಿಗೆ ಸಂಜೆ ಹೊರಟರೆ ಗಣಪತಿ ಬಿಡುವ ಕಪಿಲೇಶ್ವರ ಹೊಂಡ ಮುಟ್ಟುವ ಹೊತ್ತಿಗೆ ಮರುದಿನ ಬೆಳಗಾಗಿರುತ್ತದೆ. ಅಷ್ಟೂ ಹೊತ್ತು ಆ ಪೆಟ್ಟಿಗೆಗಳ ಎದುರು ಕುಣಿಯುವವರು ನಮ್ಮದೇ ಮಕ್ಕಳು. ಅವರ ಕಿವಿಯ ಚಿಂತೆಯೂ ನನಗಿದೆ. ಕಿವಿಯ ಒಳಗೆ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲಿನ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಮ್ಮ ಹಳೆ ಬೆಳಗಾವಿಯ ಗಲ್ಲಿಗಳು ಹೇಗಿವೆ ಅಂತ ನಿಮಗೆ ಗೊತ್ತು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಸದ್ದು ಹರಡಿ ಹೋಗಲು ಜಾಗವೇ ಇಲ್ಲ. ಎರಡು ಸಾಲು ಮನೆಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಬಡಿದಾಡುತ್ತದೆ. ಅದರಲ್ಲೂ ಆ ಗುದ್ದುವ ದಪ್ಪ ದನಿ ಗೋಡೆಯನ್ನೂ ದಾಟುತ್ತದೆ, ಬಾಗಿಲು ಹಾಕಿದರೂ ಎದೆಗೆ ಬಡಿಯುತ್ತದೆ. ಶಹಾಪುರ, ವಡಗಾವಿಯ ಕಡೆ ಮಗ್ಗದ ಕೆಲಸದವರಿದ್ದಾರೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ರಾತ್ರಿ ಪಾಳಿ ಮಾಡುವವರಿದ್ದಾರೆ. ಅವರು ನಿದ್ದೆಗೆಟ್ಟು ಯಂತ್ರದ ಮುಂದೆ ನಿಲ್ಲುವುದು ಎಷ್ಟು ಅಪಾಯ ಅನ್ನುವುದು ಆ ಮನೆಯ ಹೆಂಗಸರಿಗೆ ಗೊತ್ತು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಹಬ್ಬಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಎಂದು ಸರ್ಕಾರ ಘೋಷಿಸಬಹುದು. ಸಂವಿಧಾನದ 25ನೇ ವಿಧಿ ನಮ್ಮ ಧರ್ಮ ನಡೆಸಿಕೊಳ್ಳುವ ಹಕ್ಕು ಕೊಡುತ್ತದೆ. ಆದರೆ ಅದೇ ಸಾಲಿನಲ್ಲಿ ಸಾರ್ವಜನಿಕ ಶಾಂತಿ, ನೀತಿ ಮತ್ತು ಆರೋಗ್ಯಕ್ಕೆ ಒಳಪಟ್ಟು ಎಂದೂ ಇದೆ. 2000ದಲ್ಲಿ ಚೆನ್ನೈನ ಒಂದು ಚರ್ಚಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಎಂದು ಯಾವ ಧರ್ಮವೂ ಹೇಳಿಲ್ಲ ಎಂದಿತು. ಚರ್ಚು, ಗುಡಿ, ಮಸೀದಿ ಎಲ್ಲಕ್ಕೂ ಇದೇ ಅಳತೆ.

ಆದರೂ ಎಲ್ಲವನ್ನೂ ಪೊಲೀಸರ ಕೈಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಜೀಪು ಬಂದು ನಿಂತಮೇಲೆ ಸದ್ದು ನಿಲ್ಲುತ್ತದೆ ನಿಜ. ಯಾರು ದೂರು ಕೊಟ್ಟರು ಅನ್ನುವ ಹುಡುಕಾಟ ಶುರುವಾಗುತ್ತದೆ. ಆ ಸಿಟ್ಟು ಮುಂದಿನ ಹಬ್ಬದವರೆಗೂ ಉಳಿಯುತ್ತದೆ.

ಇನ್ನೊಂದು ಚಾಳಿ ನಮ್ಮಲ್ಲಿ ಬೆಳೆಯುತ್ತಿದೆ. ಅವರು ಹಾಕುವುದಿಲ್ಲವಾ, ಅದಕ್ಕೇ ನಾವೂ ಹಾಕುತ್ತೇವೆ ಅನ್ನುವುದು. ಅಜಾನ್‌ಗೆ ಎದುರಾಗಿ ಭಜನೆ, ಭಜನೆಗೆ ಎದುರಾಗಿ ಇನ್ನೇನೋ. ಇದನ್ನು ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಯಾರಿಗೋ ಎದುರಾಗಿ ಮಾಡಿದ ಭಜನೆಯಲ್ಲಿ ದೇವರಿಗೆ ಎಲ್ಲಿ ಜಾಗ ಉಳಿಯಿತು? ಹಾಡುವವಳಾಗಿ ಹೇಳುತ್ತೇನೆ, ಸಿಟ್ಟಿನಲ್ಲಿ ಶ್ರುತಿ ಸೇರುವುದಿಲ್ಲ.

ಇದೇ ಊರಿನಲ್ಲಿ ಬೇರೆ ದಾರಿಯೂ ಇದೆ. 2023ರಲ್ಲಿ ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಒಂದೇ ರಸ್ತೆ, ಎರಡು ಮೆರವಣಿಗೆ. ಬೆಳಗಾವಿಯ ಮುಸ್ಲಿಂ ಹಿರಿಯರು ಕೂತು ಮಾತಾಡಿ ತಮ್ಮ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಹಬ್ಬದ ದಿನ ನಮಾಜು, ಪ್ರಾರ್ಥನೆ ಎಲ್ಲ ಆಯಿತು. ಬೀದಿಯನ್ನು ಮಾತ್ರ ನೆರೆಯವರಿಗೆ ಬಿಟ್ಟುಕೊಟ್ಟರು. ಇದನ್ನು ನಾವು ಬಹಳ ದಿನ ನೆನಪಿಟ್ಟುಕೊಳ್ಳಬೇಕು. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲ, ಆದರೂ ಹಿಂದೂಗಳೇ ಮೊಹರಂ ಮಾಡುತ್ತಾರೆ. ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ. ಪಕ್ಕದ ಬಾಗಲಕೋಟೆಯ ಹೋಳಿಯನ್ನೇ ನೋಡಿ. ಹಲಗಿಯ ಸದ್ದಿಗೆ, ಬಣ್ಣದ ಬಂಡಿಗೆ ಹೆಸರಾದ ಊರು. ಅಲ್ಲಿ ಬಣ್ಣಕ್ಕೆ ಓಣಿಗಳ ಸರದಿ ಇದೆ, ಇಡೀ ಊರು ಒಂದೇ ದಿನ ಮೈಮೇಲೆ ಬೀಳುವುದಿಲ್ಲ. ಹೋಳಿ ಬರುವುದು ಪರೀಕ್ಷೆಯ ಹೊತ್ತಿಗೇ ಆದ್ದರಿಂದ ಸಂಜೆ ಓದುವ ಮಕ್ಕಳ ಕಡೆಗೂ ಸ್ವಲ್ಪ ಲಕ್ಷ್ಯ ಇಟ್ಟರೆ ಒಳ್ಳೆಯದು.

ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ನಸುಕಿನಲ್ಲಿ ಸಾವಿರಾರು ಜನ ಬಂದು ಕೂರುತ್ತಿದ್ದರು. ಎಳೆ ಮಗುವಿನ ದನಿ ಕೂಡ ಕೇಳುತ್ತಿರಲಿಲ್ಲ. ಅವರು ಮೆಲ್ಲಗೆ ಮಾತಾಡುತ್ತಿದ್ದರು, ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದರು, ಜನ ಎದ್ದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ತಮಗೆ ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ಅಷ್ಟು ದೊಡ್ಡ ಸಭೆ ಅಷ್ಟು ಶಾಂತವಾಗಿ ನಡೆದದ್ದು ನಮ್ಮ ಈ ನೆಲದಲ್ಲೇ. ಹಾಗಾಗಿ ಇದು ಆಗದ ಮಾತು ಅಂತ ನಾನು ಒಪ್ಪುವುದಿಲ್ಲ.

ನೆರೆಯವರಿಗೂ ಒಂದು ಮಾತು ಹೇಳಬೇಕು. ಹೊಸ ಬಡಾವಣೆಗೆ ಮನೆ ಕಟ್ಟಿಸಿ ಬಂದವರು, ಅಲ್ಲಿ ಮೊದಲಿನಿಂದ ಇದ್ದ ಗುಡಿಯ ಗಂಟೆ ಸದ್ದಿಗೇ ದೂರು ಕೊಡುವುದಿದೆ. ಐದು ನಿಮಿಷದ ಮಂಗಳಾರತಿಯನ್ನೂ, ನಡುರಾತ್ರಿಯ ಡಾಲ್ಬಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಊರು ಅಂದಮೇಲೆ ಸ್ವಲ್ಪ ಸದ್ದು, ಸ್ವಲ್ಪ ಗದ್ದಲ ಇದ್ದೇ ಇರುತ್ತದೆ. ಹಬ್ಬದ ಒಂದೆರಡು ಸಂಜೆ ತಡವಾಗಿ ಮಲಗಿದರೆ ಏನೂ ಆಗುವುದಿಲ್ಲ, ಅಲ್ವಾ? ತಡೆಯಲಾರದ್ದು ಯಾವುದು, ಸಹಿಸಬಹುದಾದ್ದು ಯಾವುದು ಅಂತ ನಾವೂ ಮನಸ್ಸಿನಲ್ಲಿ ಬಿಡಿಸಿ ನೋಡಬೇಕು. ಹೇಳುವುದಿದ್ದರೆ ಹಗಲಲ್ಲಿ, ಹಬ್ಬಕ್ಕೆ ಮುಂಚೆ, ಮಂಡಳದ ಹಿರಿಯರ ಮನೆಗೆ ಹೋಗಿ ಹೇಳಬೇಕು. ರಾತ್ರಿ ಹನ್ನೊಂದಕ್ಕೆ ಬಾಲ್ಕನಿಯಿಂದ ಕೂಗಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಮಂಡಳದವರಿಗೆ ನನ್ನ ಬೇಡಿಕೆ ಬಹಳ ಸಣ್ಣದು. ರಸ್ತೆಯಲ್ಲಿ ಪೆಂಡಾಲ್ ಹಾಕುವಾಗ ಒಂದು ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಿ. ಅಳತೆ ಹಿಡಿದೇ ಬಿಡಿ, ಕಣ್ಣಂದಾಜು ಬೇಡ. ಅಂಗಡಿ ಮುಂದೆ ಕಂಬ ನೆಡುವ ಮುಂಚೆ ಅಂಗಡಿಯವರನ್ನು ಕೇಳಿ, ಹನ್ನೊಂದು ದಿನದ ವ್ಯಾಪಾರ ಅವರಿಗೆ ದೊಡ್ಡದು. ಪ್ರಸಾದದ ಎಲೆ, ತಟ್ಟೆ ಎತ್ತುವವರು ಯಾರು ಅನ್ನುವುದು ಮಹಾಪ್ರಸಾದದ ಅಡುಗೆಗೆ ಮುಂಚೆಯೇ ತೀರ್ಮಾನ ಆಗಿರಲಿ. ಪಟಾಕಿಯನ್ನು ದನ ಕಟ್ಟಿದ ಮನೆಯ ಮುಂದೆ ಹಚ್ಚಬೇಡಿ. ಲೇಸರ್ ದೀಪ ಬೇಡವೇ ಬೇಡ, ಅದು ನೇರವಾಗಿ ಕಣ್ಣಿಗೆ ಹೊಡೆದರೆ ದೃಷ್ಟಿಗೇ ಕುತ್ತು.

ಡಾಲ್ಬಿಯ ವಿಷಯ ಹಬ್ಬದ ದಿನ ಮಾತಾಡಿ ಉಪಯೋಗವಿಲ್ಲ. ವಾರಗಳ ಮುಂಚೆಯೇ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಆಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಹಾಗಾಗಿ ಮಂಡಳದ ಮೊದಲ ಸಭೆಯಲ್ಲೇ, ಅಡ್ವಾನ್ಸ್ ಕೊಡುವ ಮುಂಚೆ, ಈ ಮಾತು ಎತ್ತಿ. ಆ ಸಭೆಗೆ ಗಲ್ಲಿಯ ಹೆಂಗಸರನ್ನೂ, ವಯಸ್ಸಾದವರನ್ನೂ ಕರೆಯಿರಿ. ಡಾಲ್ಬಿಯ ದುಡ್ಡಿನಲ್ಲಿ ಒಳ್ಳೆಯ ಕರಡಿ ಮಜಲಿನ ತಂಡ ಬರುತ್ತದಾ ಅಂತ ಲೆಕ್ಕ ಹಾಕಿ ನೋಡಿ. ಹಳ್ಳಿಯ ಕಲಾವಿದರ ಮನೆಯಲ್ಲೂ ಹಬ್ಬವಾಗುತ್ತದೆ. ಇನ್ನು ಮೆರವಣಿಗೆಯ ದಾರಿಯಲ್ಲಿ ಆಸ್ಪತ್ರೆ ಬಂದಾಗ ಮುಂದೆ ನಿಂತು, ಕೈ ಎತ್ತಿ ಬಾಜಾ ನಿಲ್ಲಿಸುವವರು ಯಾರು ಅನ್ನುವುದನ್ನು ಅದೇ ಸಭೆಯಲ್ಲಿ ಇಬ್ಬರ ಹೆಸರು ಹೇಳಿ ನಿಗದಿ ಮಾಡಿ.

ನಮಸ್ಕಾರ.